ದೋಣಿಯಲ್ಲಿ ಸೌತೆಕಾಯಿ

ಕಳೆದ ಭಾನುವಾರ ನಾನು ದೋಣಿಯಿಂದ ಸೌತೆಕಾಯಿ ತೆಗೆದು ಬಾಯಿಗೆ ಹಾಕಿಕೊಂಡೆ.

ತಮಾಷೆಯಲ್ಲ. ಹಾಸನೂರಿನ ಒಂದು ರೆಸಾರ್ಟು. ಊಟದ ಹಾಲ್ ನಡುವೆ ಎರಡಾಳುದ್ದದ ಹಳೇ ದೋಣಿ. ಅದರ ತುಂಬ ಐಸು. ಐಸಿನ ಮೇಲೆ ಸೌತೆಕಾಯಿ, ಕ್ಯಾರೆಟ್, ಮೂಲಂಗಿ. ಪಕ್ಕದಲ್ಲಿ ಬೋರ್ಡು: ‘ವಿಂಟೇಜ್ ಕನೂ ಸಲಾಡ್ ಬಾರ್’. ಊಟ ನನಗೆ ಫ್ರೀ. ಯಾಕೆಂದರೆ ಆ ದೋಣಿಯನ್ನು ಹುಡುಕಿ, ರಿಪೇರಿ ಮಾಡಿ ಅವರಿಗೆ ಮಾರಿದವನು ನಾನೇ.

ಹಳೇ ಬಾಗಿಲು, ಕಂಬ, ತೊಟ್ಟಿಲು ಕೊಂಡು, ಉಜ್ಜಿ, ಮಾರಿ ಮೇಲೆ ಬಂದವನು ನಾನು ಅಂತ ಪ್ರತಿ ವಾರ ಈ ಅಂಕಣ ಓದುವ ನಿಮಗೆ ಗೊತ್ತಲ್ಲ. ಚೌಕಾಸಿ ಮಾಡದೆ ಉಪ್ಪನ್ನೂ ಕೊಂಡವನಲ್ಲ. ಹೀಗಿರುವಾಗ ಪಣಕಹಳ್ಳಿಯ ಒಂದು ಕೊಟ್ಟಿಗೆಯ ಮುಂದೆ ಈ ದೋಣಿ ಕಣ್ಣಿಗೆ ಬಿತ್ತು. ಅದರಲ್ಲಿ ಒಂದು ಹಸು ಬೂಸಾ ನೀರು ಕುಡಿಯುತ್ತಿತ್ತು.

ನಮ್ಮ ಕಡೆ ದನಕ್ಕೆ ನೀರಿಡುವ ಮರದ ತೊಟ್ಟಿಗೂ ದೋಣಿ ಅಂತಲೇ ಹೆಸರು. ಹೊಳೆ ದಾಟಿಸುವುದೂ ದೋಣಿಯೇ. ಎರಡನ್ನೂ ಒಂದೇ ದಿಮ್ಮಿಯನ್ನು ಕೊರೆದು ಮಾಡುತ್ತಾರೆ. ಹಾಗಾದರೆ ಗುರುತು ಹಿಡಿಯುವುದು ಹೇಗೆ?

ಒಳಗೆ ನೋಡಬೇಡಿ, ಹೊರಗೆ ನೋಡಿ. ದನದ ದೋಣಿಯ ಹೊರಮೈಯನ್ನು ಯಾರೂ ನಯ ಮಾಡುವುದಿಲ್ಲ, ಯಾರಿಗೆ ಬೇಕು? ಇದರ ತಳ ಬಡಗಿಯ ಬಾಚಿಯಲ್ಲಿ ಸವರಿ ಸವರಿ ನುಣ್ಣಗಾಗಿತ್ತು. ಎರಡು ತುದಿಯೂ ಚೂಪಾಗಿ ಮೇಲೆದ್ದಿದ್ದವು. ಬಲಗಡೆಯ ಅಂಚು ಮಾತ್ರ ಒಂದು ಕಡೆ ಸವೆದು ತಗ್ಗಾಗಿತ್ತು. ಹುಟ್ಟು ಹಾಕಿ ಹಾಕಿ ಆದ ಸವೆತ ಅದು. ಹಸು ನೆಕ್ಕಿದರೆ ಹಾಗೆ ಸವೆಯುತ್ತದೆಯೇ?

ಇಷ್ಟೆಲ್ಲ ನೋಡಿಕೊಂಡೆ. ಮುಖದಲ್ಲಿ ಮಾತ್ರ ಏನೂ ತೋರಿಸಲಿಲ್ಲ (ವ್ಯಾಪಾರದ ಮೊದಲ ಪಾಠ). ಮನೆಯಾಕೆ ಮಾದಮ್ಮ ಕೂಲಿಗೆ ಹೋಗುವ ಹೆಂಗಸು, ನನಗಿಂತ ದೊಡ್ಡವಳು.

‘ಅವ್ವಾ, ಈ ದೋಣಿ ಕೊಟ್ಬುಡು. ಬದ್ಲಿಗೆ ಹೊಸಾ ಸಿಮೆಂಟ್ ತೊಟ್ಟಿ ತಂದಾಕ್ತೀನಿ’ ಅಂದೆ.

‘ಬರೀ ದೋಣಿ ಅನ್ಬ್ಯಾಡಿ ಕಣಪ್ಪ, ಇದು ದೋಣಿ’ ಅಂದಳು. ‘ನಮ್ಮಾವ ಮಾಯಾರ್ ಒಳೇಲಿ ಜನಾನ ದಾಟುಸ್ತಿದ್ದದ್ದು ಇದ್ರಲ್ಲೇಯ. ನಾನು ಮದ್ವೆಯಾಗಿ ಬಂದದ್ದೂ ಇದ್ರಲ್ಲೇ ಕುಂತ್ಕಂಡು.’

ನನಗೆ ಗೊತ್ತಿದ್ದದ್ದನ್ನೇ ಅವಳು ಹೇಳಿದ್ದಳು. ನಾನು ಬಗ್ಗಿ ತಳದ ತೂತಿಗೆ ತುರುಕಿದ್ದ ಚಿಂದಿ ಕಿತ್ತು ಬೆರಳು ಹಾಕಿದೆ. ತೊಳೆದ ನೀರು ಹೋಗಲಿ ಅಂತ ಅವಳ ಗಂಡ ಯಾವ ಕಾಲದಲ್ಲೋ ಕೊರೆದ ತೂತು ಅದು.

‘ತೂತಿರೋದು ಯಾವ ಹೊಳೆ ದಾಟ್ತದವ್ವ? ದನ ಬಾಯಿ ಹಾಕಿದ ಮೇಲೆ ಅದು ದನದ ದೋಣಿಯೇಯ. ದನದ ದೋಣಿಗೆ ಹೊಸಾ ತೊಟ್ಟಿಗಿಂತ ಜಾಸ್ತಿ ಯಾರು ಕೊಟ್ಟಾರು?’

ಮಾದಮ್ಮ ಹಸುವನ್ನು ದೋಣಿಯಿಂದ ಆಚೆಗೆ ಸರಿಸಿದಳು. ಆಮೇಲೆ, ‘ಅಂಗಾರೆ ತಕ್ಕೊಂಡೋಗಿ. ಆದ್ರೆ ನೀರ್ಗೆ ಬುಟ್ಟಾಗ ನನ್ನ ಕರೀಬೇಕು. ಇನ್ನೊಂದ್ ಸತಿ ಅದ್ರಲ್ಲಿ ಕುಂತ್ಕಬೇಕು’ ಅಂದಳು.

‘ಅದಕ್ಕೇನಂತೆ, ಕರೀತೀನಿ ಕಣವ್ವ’ ಅಂದೆ. ಮಾತು ಕೊಡುವುದಕ್ಕೆ ಲಾರಿ ಬಾಡಿಗೆಯೇನೂ ಬೇಕಿಲ್ಲವಲ್ಲ.

ರಿಪೇರಿಗೆ ನನ್ನ ಗೆಳೆಯ ಬಸವಾಚಾರಿಯನ್ನು ಹಿಡಿದೆ. ಕಡಿಮೆ ಖರ್ಚಿನಲ್ಲಿ ಮಾಡುವವರು ಕೇಳಿಸಿಕೊಳ್ಳಿ. ಹಳೇ ಮರವನ್ನು ಬಿಸಿಲಿಗೆ ಹಾಕಬೇಡಿ, ಸೀಳುತ್ತದೆ. ನೆರಳಲ್ಲಿ ಗೋಣಿಚೀಲ ಹೊದಿಸಿ ನಿಧಾನಕ್ಕೆ ಒಣಗಿಸಿ. ಬಿರುಕಿಗೆ ಸಿಮೆಂಟ್ ಮೆತ್ತುವ ಬುದ್ಧಿವಂತರಿದ್ದಾರೆ, ಅವರ ಮಾತು ಕೇಳಬೇಡಿ. ಹತ್ತಿಯ ಬತ್ತಿ ಹೊಸೆದು, ಎಣ್ಣೆಯಲ್ಲಿ ಕಾಯಿಸಿದ ರಾಳದಲ್ಲಿ ಅದ್ದಿ, ಬಿರುಕಿಗೆ ತುರುಕಿ. ತೂತಿಗೆ ಅದೇ ಜಾತಿಯ ಮರದ ಗೂಟ ಬಡಿಯಿರಿ. ಮೈಗೆಲ್ಲ ಹೊಂಗೆ ಎಣ್ಣೆ. ಅಷ್ಟೇ. ವಾರ್ನಿಶ್ ದುಡ್ಡು ಉಳಿಯಿತು.

ಬಸವಾಚಾರಿಯ ಹೊಲದ ಹೊಂಡಕ್ಕೆ ಇಳಿಸಿದೆವು. ಒಂದು ತೊಟ್ಟು ನೀರು ಒಳಗೆ ಬರಲಿಲ್ಲ. ದೋಣಿ ಏನೋ ಮರೆತಿದ್ದು ನೆನಪಾದ ಹಾಗೆ ಒಂದು ಸಲ ಹೊಯ್ದಾಡಿ, ನೆಟ್ಟಗೆ ನಿಂತುಬಿಟ್ಟಿತು.

‘ಮಾದವ್ವುನ್ನ ಕರ್ಕ ಬಾ ಓಗ್ಲಾ’ ಅಂದ ಬಸವಾಚಾರಿ. ನಾನು ಅವಳಿಗೆ ಕೊಟ್ಟ ಮಾತು ಅವನಿಗೆ ಗೊತ್ತಿತ್ತು.

‘ನಾಳೆ ನೋಡನ ಬುಡ್ಲಾ’ ಅಂದೆ.

‘ನಾಳೆ ಅಂತೆ ನಾಳೆ! ತೇಲೋದ ಕಂಡ್ರೆ ಅವ್ಳು ರೇಟ್ ಕೇಳ್ತಾಳೆ ಅಂತ ಎದ್ರುಕೊಂಡಿದ್ದೀಯ ಕಣ್ಲಾ ನೀನು. ತೂತ ನಾನು ಮುಚ್ದೆ. ನಿನ್ ಬಾಯ ಯಾರ್ಲಾ ಮುಚ್ಚೋರು?’

ಅವನು ಹೇಳಿದ್ದು ಸುಳ್ಳೇ? ದೋಣಿ ತೇಲಿದ್ದನ್ನು ಅವಳು ನೋಡಿದರೆ ನನ್ನ ಸಿಮೆಂಟ್ ತೊಟ್ಟಿಯ ಲೆಕ್ಕ ಮುಳುಗುತ್ತಿತ್ತು. ಕರೆಯಲಿಲ್ಲ. ಮಾರನೇ ದಿನ ರೆಸಾರ್ಟಿನ ಗಾಡಿ ಬಂದು ಹೊತ್ತುಕೊಂಡು ಹೋಯಿತು. ‘ನಮ್ಮ ಕೊಳದಲ್ಲಿ ಬಿಡುತ್ತೇವೆ’ ಎಂದಿದ್ದ ಮ್ಯಾನೇಜರ್. ಸರಿ, ಅಲ್ಲಿಗೇ ಒಂದು ದಿನ ಅವಳನ್ನು ಕರೆದುಕೊಂಡು ಹೋದರಾಯಿತು ಅಂದುಕೊಂಡೆ. (ಬೇರೆಯವರ ಕೊಳದಲ್ಲಿ ಮಾತು ಉಳಿಸಿಕೊಳ್ಳುವುದು ಇನ್ನೂ ಅಗ್ಗ.)

ಈಗ ಮತ್ತೆ ಭಾನುವಾರಕ್ಕೆ ಬನ್ನಿ.

‘ಕೊಳದಲ್ಲಿ ಬಿಡ್ತೀನಿ ಅಂದಿದ್ರಿ?’ ಅಂತ ಮ್ಯಾನೇಜರನ್ನು ಕೇಳಿದೆ.

‘ಅಲ್ಲಿ ಯಾರು ನೋಡ್ತಾರೆ ಸಾರ್? ಇಲ್ಲಿ ಸೂಪರ್ರಾಗಿದೆ. ಒಂದೇ ಪ್ರಾಬ್ಲಮ್, ಐಸ್ ಕರಗಿದ ನೀರು ನಿಂತುಬಿಡ್ತಿತ್ತು. ನೀವು ಹಾಕಿದ್ದ ಗೂಟ ಕಿತ್ತುಬಿಟ್ವಿ’ ಅಂದ.

ಬಗ್ಗಿ ನೋಡಿದೆ. ಹಳೇ ತೂತಿನಿಂದ ನೀರು ತೊಟ್ಟು ತೊಟ್ಟಾಗಿ ಪ್ಲಾಸ್ಟಿಕ್ ಬಕೆಟ್ಟಿಗೆ ಬೀಳುತ್ತಿತ್ತು.

ಒಂದು ಹೋಳು ಸೌತೆಕಾಯಿ ಬಾಯಿಗೆ ಹಾಕಿಕೊಂಡು ತಲೆ ಎತ್ತಿದರೆ ಎದುರಿಗೆ ಮಾದಮ್ಮ. ಕಂಕುಳಲ್ಲಿ ಪುದೀನದ ಕುಕ್ಕೆ. ರೆಸಾರ್ಟಿನ ತೋಟಕ್ಕೆ ಕಳೆ ಕೀಳಲು ವ್ಯಾನಿನಲ್ಲಿ ಕರೆತಂದಿದ್ದ ಕೂಲಿ ಹೆಂಗಸರಲ್ಲಿ ಅವಳೂ ಒಬ್ಬಳು. ಅಡುಗೆಮನೆಗೆ ಸೊಪ್ಪು ಕೊಡಲು ಒಳಗೆ ಬಂದಿದ್ದಳು.

ನನ್ನನ್ನು ನೋಡುವ ಮೊದಲು ದೋಣಿಯನ್ನು ನೋಡಿದಳು. ಅಂಚಿನ ತಗ್ಗಿನ ಮೇಲೆ ಕೈ ಇಟ್ಟಳು, ತನ್ನ ಮಾವನ ಹುಟ್ಟು ಸವೆಸಿದ ಅದೇ ಜಾಗ. ಬಗ್ಗಿ ತೂತನ್ನೂ ನೋಡಿದಳು. ಸುತ್ತ ತಟ್ಟೆ ಹಿಡಿದು, ದೋಣಿಯೊಳಗೆ ಬಗ್ಗಿ ನಿಂತಿದ್ದ ನಮ್ಮನ್ನೆಲ್ಲ ಒಂದು ಸಲ ನೋಡಿದಳು.

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಉತ್ತರ ರೆಡಿ ಇತ್ತು. ಬೈಗುಳದ ಜೊತೆಗೂ ಚೌಕಾಸಿ ಮಾಡಬಲ್ಲೆ ನಾನು.

‘ನೀವು ಅವತ್ತು ಏಳಿದ್ದೇ ದಿಟ ಕಣಪ್ಪ’ ಅಂದಳು ಮಾದಮ್ಮ, ಮೆತ್ತಗೆ. ‘ಇದು ದನದ ದೋಣಿಯೇಯ.’

ಕುಕ್ಕೆಯನ್ನು ಸರಿಮಾಡಿಕೊಂಡು ಅಡುಗೆಮನೆ ಕಡೆ ಹೋದಳು.

ಪ್ರತಿ ವಾರ ನಿಮಗೆ ಸಲಹೆ ಕೊಡುವವನು ಈ ವಾರ ಒಂದು ಸಲಹೆ ಕೇಳುತ್ತಿದ್ದೇನೆ: ಬಾಯಲ್ಲಿದ್ದ ಆ ಸೌತೆಕಾಯಿಯನ್ನು ನಾನು ನುಂಗಬೇಕಿತ್ತೋ, ಉಗಿಯಬೇಕಿತ್ತೋ?