ಏಳನೇ ಪುಟದ ಕಲ್ಲು

ಕಿನ್ಶಾಸಾದ ನಮ್ಮ ವೃತ್ತದಲ್ಲಿ ಪತ್ರಿಕೆ ಮಾರುವ ಹೆಂಗಸು ಮಾಮಾ ಲುಸಾಂಬಾ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಪತ್ರಿಕೆಗಳನ್ನು ನೇತುಹಾಕುತ್ತಾಳೆ. ನಾವು ‘ನಿಂತ ಸಂಸದರು’. ನಿಂತೇ ಮೊದಲ ಪುಟ ಓದಿ, ಮಧ್ಯಾಹ್ನದವರೆಗೆ ನಿಂತೇ ವಾದಿಸುತ್ತೇವೆ. ಮುಟ್ಟುವಂತಿಲ್ಲ, ಕೊಳ್ಳುವುದು ನಮಗೆ ಅವಮಾನ. ಹಾಗಾಗಿ ಲೋಕದ ಸಮಸ್ತ ಸಂಗತಿಯೂ ‘ಮುಂದಿನ ಭಾಗ ಏಳನೇ ಪುಟಕ್ಕೆ’ ಎನ್ನುವವರೆಗೆ ನಮಗೆ ಗೊತ್ತು. ಉಳಿದದ್ದು ಬಹುಮತದಿಂದ ತೀರ್ಮಾನ.

ಪ್ರಶ್ನೆ ಕೇಳುವವರು ನಮ್ಮ ಹಿರಿಯ, ಪಾಪಾ ನ್ಲಾಂಡು. ಕಸುಬಿನಲ್ಲಿ ದರ್ಜಿ, ಪ್ರಶ್ನೆಗಳು ಮೇಲ್ದರ್ಜೆಯವು. ಪ್ಯಾಂಟೇ ತೊಡದ ರೋಮನರು ಅಷ್ಟು ದೇಶ ಗೆದ್ದದ್ದು ಹೇಗೆ? ಚೀನಾದ ಗೋಡೆಗೆ ಬಾಗಿಲೆಷ್ಟು? ಬರ್ಲಿನ್ನಿನಲ್ಲಿ ಕೂತು ನಮ್ಮ ನೆಲಕ್ಕೆ ಗೆರೆ ಎಳೆದ ಬಿಳಿಯರ ಬಳಿ ಅಳಿಸಲು ರಬ್ಬರ್ ಇರಲಿಲ್ಲವೆ? (ಇತ್ತು, ನಮ್ಮ ಕಾಡಿನದೇ.) ಉತ್ತರಕ್ಕೆ ಮೂವತ್ತು ವರ್ಷ ಚಡಪಡಿಸಿದರೂ ಒಂದು ಪತ್ರಿಕೆ ಕೊಂಡವರಲ್ಲ.

ಕಳೆದ ಮಂಗಳವಾರ ಮೊದಲ ಪುಟದಲ್ಲಿ ಅವರ ಊರೇ ಇತ್ತು: ‘ಕಿಂಪೋಲೊ: ಅಂಗೋಲಾ ಗಡಿಗೆ ಹಳೆಯ ಕಲ್ಲೇ ಸಾಕ್ಷಿ. ವಿವರ ಏಳನೇ ಪುಟದಲ್ಲಿ.’

“ಪಾಪಾ, ಇನ್ಮೇಲೆ ನಿಮ್ಮೂರಿಗೆ ಹೋಗೋಕೂ ವೀಸಾ ಬೇಕು!” ಎಂದ ಟೈರ್ ರಿಪೇರಿಯ ಕಬಂಬಾ.

ಎಲ್ಲರೂ ನಕ್ಕರು. ನ್ಲಾಂಡು ನಗಲಿಲ್ಲ. ಹೊರಟರು, ವಾಪಸು ಬಂದರು, ಮತ್ತೆ ಹೊರಟರು. ಕೊನೆಗೆ ಕೈಚಾಚಿ ಕ್ಲಿಪ್ಪನ್ನೇ ಕಿತ್ತರು.

“ಮುಟ್ಟಿದ್ರೆ ಕೊಳ್ಬೇಕು, ಪಾಪಾ!” ಎಂದಳು ಲುಸಾಂಬಾ.

“ತಗೊಂಡೆ, ತಾಯಿ.”

“ಹೋಯ್ತು, ಸಂಸತ್ತು ಬಿತ್ತು!” ಎಂದ ಕಬಂಬಾ.

ಏಳನೇ ಪುಟದಲ್ಲಿತ್ತು: ಬೆಟ್ಟದ ಮೇಲಿದೆ ಎಂದುಕೊಂಡಿದ್ದ ಗಡಿಕಲ್ಲು ಸರ್ವೆಯವರಿಗೆ ಊರೊಳಗೆ, ಒಂದು ಅಂಗಳದ ಒಲೆಯಲ್ಲಿ ಸಿಕ್ಕಿದೆ. ಗಡಿಗೆರೆ ಇನ್ನು ಅಲ್ಲಿಂದಲೇ. ಆಕ್ಷೇಪಣೆಗೆ ಶುಕ್ರವಾರ ಕೊನೆ.

“ಅದು ನಮ್ಮವ್ವನ ಒಲೆ ಕಣ್ರಯ್ಯಾ,” ಎಂದರು ನ್ಲಾಂಡು. “ಮೂರನೇ ಕಲ್ಲು ಬೇಕಿತ್ತು, ಬೆಟ್ಟದಿಂದ ನಾನೇ ಉರುಳಿಸ್ಕೊಂಡು ಬಂದೆ. ಆಗ ನಂಗೆ ಹತ್ತು ವರ್ಷ. ಅವ್ವನ್ನ ಮಣ್ಣು ಮಾಡಿದ್ದು ಆ ಒಲೆ ಹಿಂದೇನೇ.”

“ಹಂಗಾದ್ರೆ ಅವ್ವ?” ನಮ್ಮಲ್ಲೊಬ್ಬ ಕೇಳಿದ.

“ಅಂಗೋಲಾ ಪಾಲು.”

ಕಬಂಬಾ ತಮಾಷೆ ಬಿಟ್ಟ. “ಈಗ ಹೋಗಿ ಹೇಳಿದ್ರೆ ಯಾರು ನಂಬ್ತಾರೆ, ಪಾಪಾ?”

“ಬೆಟ್ಟದ ಮೇಲೆ ಗಾರೇಲಿ ಅದು ಕೂತಿದ್ದ ಗುಳಿ ಇದೆ. ಗುಳಿ ಅಳತೆ, ಕಲ್ಲಿನ ಅಳತೆ ಎರಡೂ ಹೊಂದಿದ್ರೆ ನಂಬ್ಲೇಬೇಕು. ಜೀವಮಾನವಿಡೀ ನಾನು ಇನ್ನೇನು ಮಾಡಿದ್ದೀನಿ?”

ಕೊರಳಲ್ಲಿದ್ದ ಅಳತೆಪಟ್ಟಿ ತೆಗೆಯದೆ ಬಸ್ಸಿನ ಕಡೆ ಓಡಿದರು.

ಇವತ್ತು ಶನಿವಾರ. ನ್ಲಾಂಡು ಇನ್ನೂ ಮರಳಿಲ್ಲ. ಯಾರೂ ವಾದಕ್ಕಿಳಿಯುತ್ತಿಲ್ಲ. ಮೊದಲ ಪುಟದ ಮೂಲೆಯಲ್ಲಿ ‘ಕಿಂಪೋಲೊ ಗಡಿ ಇತ್ಯರ್ಥ, ಏಳನೇ ಪುಟ ನೋಡಿ’ ಎಂದಿದೆ. ಕಬಂಬಾ ಚಿಲ್ಲರೆಗಾಗಿ ಜೇಬು ತಡಕುತ್ತಿದ್ದಾನೆ.