ಅತ್ತೆಯ ಗುಡ್ಡ, ನನ್ನ ಕತ್ತರಿ

ಮದುವೆಯಾಗಿ ಧಾರವಾಡದಿಂದ ವಿಶಾಖಪಟ್ಟಣದ ಹತ್ತಿರದ ದುವ್ವಾಡಕ್ಕೆ ಬಂದಾಗ ನನಗೆ ತೆಲುಗು ಬರುತ್ತಿರಲಿಲ್ಲ. ತೆಲುಗಿನವರಾದ ನಮ್ಮತ್ತೆಗೆ ಕನ್ನಡ ಬರುತ್ತಿದ್ದದ್ದು ತೀರಿಹೋದ ಮಾವನವರಿಂದ ಕಲಿತಷ್ಟೇ. ಹಿತ್ತಲಲ್ಲಿ ಕೂತು ಇಬ್ಬರೂ ಎದುರಿನ ಗುಡ್ಡ ನೋಡುತ್ತಿದ್ದೆವು. ಚಿಕ್ಕವರಿದ್ದಾಗ ಅವರು ಮೇಕೆ ಮೇಯಿಸಿದ ಗುಡ್ಡ ಅದು. ಅವರಿಗೆಂದು ಒಂದು ಶಾಲಿನ ಮೇಲೆ, ಎಳೆ ಎಣಿಸಿ ಎಣಿಸಿ, ಆ ಗುಡ್ಡವನ್ನು ಕಸೂತಿಯಲ್ಲಿ ಹಾಕತೊಡಗಿದೆ.

ಗುಡ್ಡದ ಆಚೆ ಬದಿಯಲ್ಲಿದ್ದ ಕಲ್ಲಿನ ಕ್ವಾರಿ ಆ ವರ್ಷ ಈಚೆಗೂ ಬಂತು. ಮದ್ದು ಸಿಡಿಸುವ ಮುಂಚೆ ಸೀಟಿ ಊದುತ್ತಿದ್ದರು. ಒಂದು ಮಧ್ಯಾಹ್ನ ಊದಲಿಲ್ಲ. ನೆಲ ಅದುರಿತು. ತೆಂಗಿನಕಾಯಿ ಗಾತ್ರದ ಕಲ್ಲೊಂದು ಹಾರಿ ಬಂದು, ಹುಣಸೆಹಣ್ಣು ಬಿಡಿಸುತ್ತ ಕೂತಿದ್ದ ಅತ್ತೆಯ ಮೊಣಕಾಲಿಗೆ ಬಡಿಯಿತು. ಎಲುಬು ಒಡೆದದ್ದು ನನಗೆ ಕೇಳಿಸಿತು. ಕಸೂತಿ ಹಾಕುತ್ತಿದ್ದ ಶಾಲನ್ನೇ ಬಿಗಿದು ಕಟ್ಟಿ, ನೇತಾಡುತ್ತಿದ್ದ ದಾರವನ್ನು ಕತ್ತರಿಯಿಂದ ತುಂಡರಿಸಿದೆ. ರಕ್ತ ನಿಲ್ಲಲಿಲ್ಲ.

ನೆರೆಯವರು ಅವರನ್ನು ಆಟೋಗೆ ಏರಿಸುವಷ್ಟರಲ್ಲಿ ನನ್ನ ಗಂಡ ಕ್ವಾರಿಯತ್ತ ಓಡಿದ್ದರು. ತಡೆಯಲೆಂದು ನಾನೂ ಹಿಂದೆ ಓಡಿದೆ. ಅಲ್ಲಿ ಮೇಸ್ತ್ರಿ ಅವರನ್ನು ಲಾರಿಗೆ ಒತ್ತಿ ಹಿಡಿದು ಮುಖಕ್ಕೆ ಗುದ್ದುತ್ತಿದ್ದ. ಹಲ್ಲು ಮುರಿದು ಬಾಯಿ ತುಂಬ ರಕ್ತ.

"ಬಿಡೋ!" ಎಂದು ಚೀರಿದೆ.

"ನೀಕೆಂದುಕಮ್ಮಾ, ಪೋ!" ಎಂದ. ನಿನಗ್ಯಾಕೆ, ಹೋಗು ಎನ್ನುವಷ್ಟು ತೆಲುಗು ಆಗ ನನಗೆ ಅರ್ಥವಾಗುತ್ತಿತ್ತು.

ಕಸೂತಿಯ ಕತ್ತರಿ ಇನ್ನೂ ಮುಷ್ಟಿಯಲ್ಲೇ ಇತ್ತು. ಅವನ ತೋಳಿಗೆ ಇರಿದೆ. ಕಿತ್ತು ಮತ್ತೊಮ್ಮೆ ಇರಿದೆ. ಎರಡನೆಯದು ಬೇಕಿರಲಿಲ್ಲ, ಅಷ್ಟರಲ್ಲಿ ಅವನು ಗಂಡನನ್ನು ಬಿಟ್ಟಾಗಿತ್ತು.

ಸ್ಟೇಷನ್ನಿನಲ್ಲಿ ಎರಡೂ ಕಡೆಯವರು ದೂರು ಹಿಂದಕ್ಕೆ ಪಡೆದೆವು. ನಾನು ಜೈಲಿಗೆ ಹೋಗಬಾರದೆಂದರೆ ಅತ್ತೆಯ ಕಾಲಿನ ಮಾತು ಎತ್ತುವಂತಿರಲಿಲ್ಲ. ಆಸ್ಪತ್ರೆಯಲ್ಲಿ ಆ ಕಾಲನ್ನು ತೊಡೆಯ ಹತ್ತಿರ ಕತ್ತರಿಸಿದ್ದರು.

ಆಮೇಲೆ ವಿಜಯವಾಡಕ್ಕೆ ಬಂದೆವು. ಅಲ್ಲಿನ ಒನ್ ಟೌನ್ ಪೇಟೆಯ ಸಗಟು ಬಟ್ಟೆ ಅಂಗಡಿಯೊಂದರಲ್ಲಿ ಗಂಡನಿಗೆ ಕೆಲಸ ಸಿಕ್ಕಿತ್ತು. ತಿಂಗಳುಗಟ್ಟಲೆ ನಾನು ಸೂಜಿ ಮುಟ್ಟಲಿಲ್ಲ. ಒಂದು ದಿನ ಅತ್ತೆಯೇ ಶಾಲು ಹುಡುಕಿ ತೆಗೆದರು. ಎಷ್ಟು ಒಗೆದಿದ್ದರೂ ಕಂದು ಕಲೆ ಉಳಿದಿತ್ತು.

"ಇದು ಯಾಕೆ ನಿಲ್ಲಿಸಿದಿ ಅಮ್ಮಾಯಿ?"

"ಹೆಂಗ ಹಾಕಲ್ರಿ ಅತ್ತಿ. ನಿಮ್ಮ ನ್ಯಾಯ ನಾನ ಕೆಡಿಸಿದೆ."

"ಅವನು ನನ್ನ ಮಗನ್ನ ಸಾಯಿಸ್ತಿದ್ದ. ನಾನಾದ್ರೆ ಕಣ್ಣಿಗೇ ಚುಚ್ತಿದ್ದೆ." ಕಲೆಯ ಪಕ್ಕ ಬೆರಳಿಟ್ಟರು. "ಇಲ್ಲಿ, ಇದರ ಆಚೆ ಬದಿ, ಒಂದು ದೊಡ್ಡ ಬಂಡೆ ಇತ್ತು. ಅದರ ನೆರಳಲ್ಲಿ ನನ್ನ ಮೇಕೆ ಈದಿತ್ತು. ಅದು ಹಾಕು."

ಆ ಬಂಡೆ ನಾನು ಮದುವೆಯಾಗಿ ಬರುವ ಮುಂಚೆಯೇ ಕ್ವಾರಿಯಲ್ಲಿ ಪುಡಿಯಾಗಿತ್ತು, ನಾನು ನೋಡಿರಲಿಲ್ಲ. ಎಷ್ಟು ಅಗಲ ಇತ್ತು ಎಂದು ಕೇಳಿದೆ. ಅವರು ಬಟ್ಟೆಯ ಮೇಲೆ ಉಗುರಿನಿಂದ ಗೆರೆ ಎಳೆದರು. ನಾನು ಎಳೆ ಎಣಿಸತೊಡಗಿದೆ.