ನಡುವಿಗೆ ಬಂದ ತಿರುಳು

ಮತ್ತೋಡಿನ ಕಡೆಯ ನಮ್ಮ ಕುರಿಹಟ್ಟಿಯಿಂದ ಹೊರಟು ಬಿ.ಎಸ್ಸಿ. ಮುಗಿಸಿದವನು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬೆಂಗಳೂರಿನಲ್ಲಿ ಓದಿದ್ದು ಸಸ್ಯಶಾಸ್ತ್ರ. ಕೆಲಸ ಸಿಕ್ಕಿದ್ದು ಚಿತ್ರದುರ್ಗದ ಹೈಸ್ಕೂಲಿನಲ್ಲಿ, ವಿಜ್ಞಾನದ ಮೇಷ್ಟ್ರಾಗಿ. ಅಲ್ಲಿದ್ದ ಒಂದೇ ಒಂದು ಹಿತ್ತಾಳೆಯ ಸೂಕ್ಷ್ಮದರ್ಶಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ನಾನು ಹೋದ ಮೇಲೆ ಅದು ಬೀರುವಿನೊಳಗೆ ಕೂತದ್ದು ಕಡಿಮೆ.

ಈರುಳ್ಳಿಯ ಒಳಪದರದಿಂದ ತೆಳ್ಳನೆಯ ಪೊರೆ ಸುಲಿದು, ಗಾಜಿನ ಮೇಲೆ ಹರಡಿ, ಒಂದು ಹನಿ ಅಯೋಡಿನ್ ಬಿಟ್ಟು ನೋಡಿದರೆ ಇಟ್ಟಿಗೆ ಕಟ್ಟಿದಂತೆ ಕೋಶಗಳು. ಒಂದೊಂದರಲ್ಲೂ ಕಂದುಬಣ್ಣದ ಒಂದು ಚುಕ್ಕೆ. ನ್ಯೂಕ್ಲಿಯಸ್ ಎಂದು ನಾನು ಇಂಗ್ಲಿಷಿನಲ್ಲಿ ಓದಿದ್ದು ಅದನ್ನೇ. ಕನ್ನಡದಲ್ಲಿ ಪದ ಸಿಗದೆ ತಿರುಳು ಎಂದು ಕರೆದೆ. ಹೊಂಡದ ನೀರುಗಿಡದ ಎಲೆಯಲ್ಲಿ ಬಿಸಿಲನ್ನು ಹಿಡಿದು ಆಹಾರ ಕಟ್ಟುವ ಕಣಗಳಿಗೆ ಹಸಿರುಕಾಳು ಎಂದೆ. ಕೋಶದ ನಡುವೆ ರಸ ತುಂಬಿಕೊಂಡು, ಅದನ್ನು ಬಿಗಿಯಾಗಿ ನಿಲ್ಲಿಸುವ ಭಾಗಕ್ಕೆ ನೀರುಚೀಲ ಎಂದೆ. ದಾರದ ತುಂಡುಗಳಂಥ ಇನ್ನೂ ಸಣ್ಣ ಕಣಗಳಿವೆಯೆಂದು ಪರದೇಶದವರು ಬರೆದಿದ್ದರು. ನಮ್ಮ ಯಂತ್ರಕ್ಕೆ ಅವು ಕಾಣಲಿಲ್ಲ. ಅವು ಮಾಡುವ ಕೆಲಸವೇನೆಂದು ಆಗ ಖಚಿತವಾಗಿ ಯಾರೂ ಹೇಳಿರಲಿಲ್ಲ, ಗೊತ್ತಿಲ್ಲವೆಂದೇ ನೋಟುಬುಕ್ಕಿನಲ್ಲಿ ಬರೆದೆ.

ಹುಡುಗರಿಗೆ ಇದೆಲ್ಲ ತಿಳಿಯಲೆಂದು ರೊಪ್ಪದ ಹೋಲಿಕೆ ಕೊಡುತ್ತಿದ್ದೆ. ರೊಪ್ಪವೆಂದರೆ ಕುರಿ ಕೂಡುವ ಮುಳ್ಳುಬೇಲಿಯ ದೊಡ್ಡಿ. ನಡುವೆಲ್ಲ ಕುರಿ ತುಂಬಿರುತ್ತವೆ, ಯಜಮಾನನ ಕಂಬಳಿ ಬೇಲಿಯ ಪಕ್ಕದಲ್ಲಿ. ತೋಳ ಬಂದರೆ ಮೊದಲು ಅವನಿಗೆ ತಿಳಿಯಬೇಕು. ಈರುಳ್ಳಿಯಲ್ಲೂ ಹಾಗೇ. ನೀರುಚೀಲ ನಡುವನ್ನೆಲ್ಲ ಆಕ್ರಮಿಸಿ ತಿರುಳನ್ನು ಗೋಡೆಗೆ ಒತ್ತಿರುತ್ತದೆ. ಅಲ್ಲಿದ್ದುಕೊಂಡೇ ಅದು ಇಡೀ ಕೋಶವನ್ನು ನಡೆಸುತ್ತದೆ.

ಇದನ್ನು ಒಂದು ಪಠ್ಯಪುಸ್ತಕ ಮಾಡೋಣವೆಂದವರು ನಮ್ಮ ಶಾಲೆಯ ಕನ್ನಡ ಪಂಡಿತರು. ದುರ್ಗದಲ್ಲಿ ನನ್ನನ್ನು ತಮ್ಮ ಪಂಕ್ತಿಯಲ್ಲೇ ಕೂರಿಸಿ ಎಲೆ ಹಾಕಿದ ಮೊದಲ ದೊಡ್ಡ ಮನೆ ಅವರದು. ಅವರ ತಾಯಿ ನನಗೆ ಎರಡನೆಯ ಸಲ ತುಪ್ಪ ಬಡಿಸುತ್ತಿದ್ದರು. ಬರವಣಿಗೆಯಲ್ಲಿ ನನ್ನ ಕನ್ನಡ ಒರಟು, ಅವರದು ನಯ. ವಿಷಯ ನನ್ನದು, ಭಾಷೆ ಅವರದು, ಹೆಸರು ಇಬ್ಬರದು ಎಂದು ಮಾತಾಗಿತ್ತು. ನೋಟುಬುಕ್ಕನ್ನು ಚಿತ್ರಗಳ ಸಮೇತ ಅವರ ಕೈಗಿತ್ತೆ.

ಚಿತ್ರ ನೋಡಿ ಅವರು ನಕ್ಕಿದ್ದುಂಟು. "ರಾಜ ಆದೋನು ಬೇಲಿ ಪಕ್ಕ ಕುಂತ್ಕಂತಾನೇನಪ್ಪ? ನಮ್ಮ ದುರ್ಗದಾಗೆ ಅರಮನೆ ಎಲ್ಲೈತೆ ನೋಡು, ಏಳು ಸುತ್ತಿನ ಕೋಟೆ ಒಳಗೆ."

"ನಡುವೆ ನೀರೈತ್ರಿ, ಅವನಿಗೆ ಜಾಗ ಇಲ್ಲ," ಎಂದೆ. ತಮಾಷೆಯೆಂದುಕೊಂಡು ಅಲ್ಲಿಗೇ ಬಿಟ್ಟೆ.

ಶಾಲೆಯ ತನಿಖೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬಂದಾಗ ಪಂಡಿತರು ಶುದ್ಧಪ್ರತಿಯನ್ನು ಅವರ ಮುಂದಿಟ್ಟರು. ನಾನೂ ಅದನ್ನು ಕಂಡದ್ದು ಆಗಲೇ. ಮೇಲೆ ಒಂದೇ ಹೆಸರಿತ್ತು, ಅವರದು. ಒಳಗೆ ರೊಪ್ಪ ಹೋಗಿ ಕೋಟೆ ಬಂದಿತ್ತು. ಚಿತ್ರಗಳನ್ನೂ ಅವರೇ ತಿರುಗಿ ಬರೆದಿದ್ದರು, ಪ್ರತಿ ಕೋಶದ ನಟ್ಟನಡುವೆ ಕುಂಕುಮದ ಬೊಟ್ಟಿನಂತೆ ತಿರುಳು.

ಸಾಹೇಬರು ಭಾಷೆಯನ್ನು ಹೊಗಳಿದರು. ಇಂಥ ಪುಸ್ತಕ ಕನ್ನಡಕ್ಕೆ ಬೇಕಿತ್ತೆಂದರು. ಆಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಗಾಜಿನ ಮೇಲೆ ನಾನು ಬೆಳಗ್ಗೆ ಸುಲಿದ ಈರುಳ್ಳಿಯಿತ್ತು. ಬಹಳ ಹೊತ್ತು ನೋಡಿ ತಲೆಯೆತ್ತಿದರು.

"ಇದರಲ್ಲಿ ಗೋಡೆಗೆ ಅಂಟಿಕೊಂಡಿದೆ, ನಿಮ್ಮ ಚಿತ್ರದಲ್ಲಿ ನಡುವೆ ಇದೆ. ಯಾಕೆ ಪಂಡಿತರೆ?"

ಪಂಡಿತರು ನನ್ನ ಕಡೆ ಕೈ ತೋರಿಸಿದರು. "ಚಿತ್ರ ಇವರ ಕೈದು ಸ್ವಾಮಿ. ಹಟ್ಟಿಯಿಂದ ಬಂದೋರು, ಕಣ್ಣು ಇನ್ನೂ ಪಳಗಬೇಕು. ಬರವಣಿಗೆ ಮಾತ್ರ ನಂದು."

ನಾನು ಸಾಹೇಬರ ಕಡೆ ತಿರುಗಿ ಹೇಳಿದೆ: "ನಾನು ಬರೆದ ಚಿತ್ರದಾಗೆ ಗೋಡೆ ಪಕ್ಕನೇ ಐತ್ರಿ. ನನ್ನ ನೋಟುಬುಕ್ಕು ಪಂಡಿತ್ರ ಮನೇಲೈತೆ, ತರಿಸಿ ನೋಡ್ರಿ."

ಪಂಡಿತರು ನನ್ನ ಮುಖವನ್ನೇ ನೋಡುತ್ತ, ಮೆತ್ತಗೆ, ಮಗುವನ್ನು ಕೇಳುವ ಹಾಗೆ ಕೇಳಿದರು. "ಯಾವ ನೋಟುಬುಕ್ಕಪ್ಪ?"

ನನ್ನ ಹೆಸರು ಬಿಟ್ಟದ್ದನ್ನು ಅವರ ಆಸೆಯೆಂದು ಸಹಿಸುತ್ತಿದ್ದೆನೋ ಏನೋ. ಆ ಮೆತ್ತನೆಯ ಮಾತನ್ನು ಮಾತ್ರ ಸಹಿಸಲಾಗಲಿಲ್ಲ, ಈಗಲೂ ಆಗುವುದಿಲ್ಲ. ಸಾಹೇಬರು ಇಬ್ಬರನ್ನೂ ನೋಡಿದರು. ಚಿತ್ರ ಸರಿಪಡಿಸಿ ಕಳಿಸಿದರೆ ಶಿಫಾರಸು ಮಾಡುವೆನೆಂದು ಪಂಡಿತರಿಗೆ ಹೇಳಿ, ಪಕ್ಕದ ತರಗತಿಗೆ ಹೋದರು.

ಮೂರು ದಿನ ಕಳೆದು ಪಂಡಿತರು ನನ್ನ ಕೋಣೆಯ ಬಾಗಿಲಿಗೆ ಬಂದರು. ಆ ಹೊತ್ತಿಗೆ ಬಾಯಿಗೆ ಬಂದದ್ದು ಅಂದುಬಿಟ್ಟೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು. ತಮಗೆ ಯಂತ್ರದಲ್ಲಿ ನೋಡಿ ಬರೆಯಲು ಬಾರದು, ನಾನೇ ಬರೆದುಕೊಡಬೇಕಂತೆ.

"ಹೆಸರು?" ಎಂದೆ.

"ಮುನ್ನುಡಿಯಾಗೆ ಹಾಕಾಣ."

ಬರೆಯಲಾರೆ ಎಂದಿದ್ದರೆ ಪುಸ್ತಕ ಅಲ್ಲಿಗೇ ನಿಲ್ಲುತ್ತಿತ್ತು. ಇಲ್ಲವೇ ಅದೇ ಬೊಟ್ಟಿನ ಚಿತ್ರದೊಂದಿಗೆ ಹೇಗೋ ಅಚ್ಚಾಗಿ, ನನ್ನ ಹುಡುಗರೇ ಅದನ್ನು ಉರು ಹೊಡೆಯುತ್ತಿದ್ದರು. ಎರಡಕ್ಕೂ ನನಗೆ ಮನಸ್ಸು ಬರಲಿಲ್ಲ. ಅಂದು ಮಧ್ಯಾಹ್ನ ಕೂತು ಹನ್ನೊಂದು ಕೋಶ ಬರೆದೆ, ತಿರುಳು ಎಲ್ಲೆಲ್ಲಿ ಕಂಡಿತೋ ಅಲ್ಲಲ್ಲೇ. ಇದನ್ನು ಯಾರೂ ದೊಡ್ಡ ಗುಣವೆಂದುಕೊಳ್ಳಬೇಡಿ. ಹಾಳೆಯನ್ನು ಅವರ ಕೈಗೆ ಕೊಡಲಿಲ್ಲ, ಜವಾನನ ಕೈಲಿ ಕಳಿಸಿದೆ.

ಪುಸ್ತಕ ಬಂತು. ಮುನ್ನುಡಿಯಲ್ಲಿ ಮಿತ್ರರೊಬ್ಬರ ನೆರವಿಗೆ ಕೃತಜ್ಞತೆಯಿತ್ತು. ಯುಗಾದಿಗೆ ಪಂಡಿತರ ತಾಯಿ ಊಟಕ್ಕೆ ಹೇಳಿ ಕಳಿಸಿದರು. ಆ ತಾಯಿಗೆ ಏನೂ ತಿಳಿದಿರಲಿಲ್ಲ. ನಾನು ಹೋಗಲಿಲ್ಲ.